ಕೆಂಪು ಚುಕ್ಕೆಯ ಲೋಟ

ಬರೆದವಳಿಗೆ ವರುಷ, ಕದ್ದವನಿಗೆ ನಿಮಿಷ. ಗಾದೆ ಹೀಗಿಲ್ಲ, ಗೊತ್ತು. ಕುಂಬಾರನ ಕೈಯಿಂದ ಜಾರಿ ಒಡೆದುಹೋಯಿತು. ಕಥೆ ಮಾತ್ರ ಒಡೆದಿಲ್ಲ. ನಡೆದದ್ದು ನಡೆದ ಹಾಗೇ ಇದೆ.

ಲಗ್ಗೆರೆಯಿಂದ ಎರಡು ಬಸ್ಸು ಬದಲಿಸಿ ಅಂಜಮ್ಮ ಏಳಕ್ಕೆಲ್ಲ ಕಾಲೇಜಿನಲ್ಲಿರಬೇಕು. ಜ್ಞಾನಭಾರತಿ ದಾಟಿ ಕೆಂಗೇರಿ ಕಡೆಗಿರುವ ಕಾಲೇಜು. ಹದಿನಾಲ್ಕು ಕಕ್ಕಸಿಗೆ ಒಂದೇ ಜೊತೆ ಗ್ಲೌಸು, ಅದರಲ್ಲೂ ಬಲಗೈ ಹೆಬ್ಬೆರಳು ತೂತು. ಆ ತೂತಿನಿಂದ ಆಸಿಡ್ ಇಳಿದಿಳಿದು ಉಗುರು ಅರಿಶಿನದ ಕೊಂಬಿನಂತಾಗಿತ್ತು. ಅದು ಮುಗಿದರೆ ಸಮಾಜಶಾಸ್ತ್ರ ವಿಭಾಗದ ಕಸ, ನೆಲ, ಆಮೇಲೆ ಲೋಟಗಳು. ಮೇಷ್ಟ್ರುಗಳು ಕುಡಿದಿಟ್ಟ ಹನ್ನೆರಡು ಸ್ಟೀಲ್ ಲೋಟ ತೊಳೆಯುವವಳು ಅವಳೇ. ಅವಳು ಕುಡಿಯುವುದು ಮಾತ್ರ ಹದಿಮೂರನೆಯದರಲ್ಲಿ. ಅದರ ಜಾಗ ಕಿಟಕಿಯಾಚೆ, ಫಿನಾಯಿಲ್ ಡಬ್ಬಿಯ ಪಕ್ಕ.

ನೋಡಲು ಹದಿಮೂರೂ ಒಂದೇ. ಅದಕ್ಕೇ ವಿಭಾಗದ ಮುಖ್ಯಸ್ಥ ಮೋಹನ್ ಕುಮಾರ್ ಎಂಟು ವರ್ಷದ ಹಿಂದೆ ಹೇಳಿದ್ದರು: "ತಪ್ಪು ತಿಳ್ಕೋಬೇಡ ಅಂಜಮ್ಮ. ಇನ್ ದಿ ಸೆನ್ಸ್, ಮಿಕ್ಸ್ ಆಗ್ಬಾರ್ದು ನೋಡು. ನಿನ್ ಲೋಟದ ತಳಕ್ಕೊಂದು ನೈಲ್ ಪಾಲಿಷ್ ಚುಕ್ಕೆ ಇಟ್ಬಿಡು."

ನೈಲ್ ಪಾಲಿಷ್ ಮಗಳದ್ದು, ಚುಕ್ಕೆ ಇಟ್ಟವಳೂ ಮಗಳೇ. ಆಗ ರಂಜಿನಿ ಹೈಸ್ಕೂಲು. ಈಗ ಅದೇ ವಿಭಾಗದಲ್ಲಿ ಎಂ.ಎ. ವರ್ಷವಿಡೀ ಅಮ್ಮನಂಥ ಅರವತ್ತು ಹೆಂಗಸರನ್ನು ಮಾತಾಡಿಸಿ ಪರೀಕ್ಷೆಗೆ ಪ್ರಬಂಧ ಬರೆದು ಮೋಹನ್ ಕುಮಾರರಿಗೇ ಒಪ್ಪಿಸಿದ್ದಳು. ಮೊದಲ ಅಧ್ಯಾಯವೇ ಆ ಲೋಟ.

ವಿಚಾರ ಸಂಕಿರಣದ ಬೆಳಿಗ್ಗೆ ಹಂಚಿದ ಪುಸ್ತಿಕೆಯಲ್ಲಿ ಆ ಅಧ್ಯಾಯ ಅಚ್ಚಾಗಿತ್ತು. ಹೆಸರು ಮೋಹನ್ ಕುಮಾರರದು. ರಂಜಿನಿ ಅವರ ಕೋಣೆಗೆ ನುಗ್ಗಿದಳು. ಅಂಜಮ್ಮ ಅಲ್ಲೇ ನೆಲ ಒರೆಸುತ್ತಿದ್ದಳು.

"ಸಾರ್, ಇದು ನಾನ್ ಬರ್ದಿದ್ದು."

"ನೀನ್ ತಂದಿದ್ದು ಡೇಟಾ ಕಣಮ್ಮ. ಇನ್ ದಿ ಸೆನ್ಸ್, ಚಿಂತನೆ ನಂದು."

"ಒಂದ್ ಕಾಮಾನೂ ಬದಲಾಯ್ಸಿಲ್ಲ ಸಾರ್."

ಅವರು ಕುರ್ಚಿ ತಿರುಗಿಸಿದರು. "ಅಂಜಮ್ಮ, ನಿನ್ ಕಾಂಟ್ರ್ಯಾಕ್ಟು ಜೂನ್‌ಗೆ ರಿನ್ಯೂವಲ್ ಅಲ್ವಾ? ಮಗಳಿಗೆ ಬುದ್ಧಿ ಹೇಳು. ಇವಳ ವೈವಾಗೂ ನಾನೇ ಕೂರೋದು."

ಅಂಜಮ್ಮ ಒರೆಸುವುದನ್ನು ಅರ್ಧಕ್ಕೇ ಬಿಟ್ಟು, ಮಾಪು ಎತ್ತಿಕೊಂಡು ಹೊರಬಂದಳು.

ಹೊರಗೆ ರಂಜಿನಿ ಅಳುತ್ತಿದ್ದಳು. "ಸುಮ್ನಿದ್ಬಿಡೋಣ ಅಮ್ಮ. ನಿನ್ ಕೆಲ್ಸ ಹೋಗುತ್ತೆ."

ಅಂಜಮ್ಮ ಮಾಪಿನ ಹಿಡಿಯನ್ನು ಮೈಕಿನಂತೆ ಹಿಡಿದು, ಮೂಗು ಮೇಲೆತ್ತಿ, ಥೇಟ್ ಮೋಹನ್ ಕುಮಾರರ ದನಿಯಲ್ಲಿ ಅಂದಳು: "ಅಳ್ಬೇಡ ಕಣಮ್ಮ. ಇನ್ ದಿ ಸೆನ್ಸ್, ತೊಳ್ಯೋಕೆ ಕಕ್ಕಸು ಎಲ್ಲಿ ಹೋದ್ರೂ ಸಿಗುತ್ತೆ."

ರಂಜಿನಿ ಕಣ್ಣೀರಲ್ಲೇ ನಕ್ಕಳು.

"ಹೋಗೇ, ಮುಂದಿನ್ ಸಾಲಲ್ಲಿ ಕೂತ್ಕೋ."

ಟೀ ಬಗ್ಗಿಸಿ ಕೊಡುವವನು ಅಟೆಂಡರ್ ಗಿರಿರಾಜ್. ಲೋಟ ತೊಳೆದು ಟ್ರೇಯಲ್ಲಿ ಜೋಡಿಸುವವಳು ಅಂಜಮ್ಮ. ಮೊದಲ ಲೋಟ ಯಾವಾಗಲೂ ಮುಖ್ಯಸ್ಥರಿಗೆ. ಅಂದು ಅವಳು ಕಿಟಕಿಯಾಚೆ ಕೈ ಚಾಚಿದಳು.

ಸಭಾಂಗಣ ತುಂಬಿತ್ತು. ವಿಷಯ: 'ಭಾರತೀಯ ಸಮಾಜಶಾಸ್ತ್ರ ಚಿಂತನೆಯ ಬೆಳವಣಿಗೆ'. ಅಂಜಮ್ಮ ಮಾಪು ಹಿಡಿದು ಬಾಗಿಲಲ್ಲಿ ನಿಂತಳು.

"ಮೊದಲಿನವರು ನಮ್ಮ ಸಮಾಜಾನ ಗ್ರಂಥದಲ್ಲಿ ಹುಡುಕಿದ್ರು," ಮೋಹನ್ ಕುಮಾರ್ ಶುರುಮಾಡಿದರು. "ಆಮೇಲಿನವರು ಹಳ್ಳೀಲಿ ಕೂತು ಕಣ್ಣಾರೆ ನೋಡಿದ್ರು. ಈಗ ಮೂರನೇ ಘಟ್ಟ. ಇನ್ ದಿ ಸೆನ್ಸ್, ತುಳಿಸಿಕೊಂಡವರ ಕಣ್ಣಿಂದ ನೋಡ್ಬೇಕು. ಒಂದು ಕಚೇರಿ, ಹೆಸರು ಬೇಡ. ಅಲ್ಲೊಂದು ಲೋಟ."

ಓದತೊಡಗಿದರು. 'ಅವಳ ಹಣೆಗೆ ಇಡಲಾಗದ ಗುರುತನ್ನು ಅವಳ ಲೋಟದ ತಳಕ್ಕೆ ಇಡಿಸಿದರು. ಕೆಂಪು ಚುಕ್ಕೆ.' ರಂಜಿನಿಯ ಸಾಲನ್ನು ಅವರು ದನಿ ತಗ್ಗಿಸಿ ಎರಡು ಸಲ ಓದಿದರು. ಅತಿಥಿಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೈಲಿಗೆ ಅಂದ್ರೇನಂತಾನೇ ನನಗೆ ಗೊತ್ತಿಲ್ಲ," ಎಂದು ಮೋಹನ್ ಕುಮಾರ್ ಎದುರಿಗಿದ್ದ ಟೀ ಎತ್ತಿದರು. ಒಂದು ಗುಟುಕು, ಎರಡು ಗುಟುಕು. ಕೊನೆಯ ಗುಟುಕಿಗೆ ತಲೆ ಹಿಂದಕ್ಕೆ ಬಾಗಿತು, ಲೋಟದ ತಳ ಸಭೆಗೆ ತಿರುಗಿತು.

"ಏ ಮಗಾ, ಚುಕ್ಕೆ ನೋಡೋ!" ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಏನು? ಏನಾಯ್ತು?" ಮೋಹನ್ ಕುಮಾರ್ ಸುತ್ತ ನೋಡಿದರು.

ರಂಜಿನಿ ಎದ್ದು ನಿಂತಳು. "ಆ ಲೋಟ ನಮ್ಮಮ್ಮಂದು ಸಾರ್. ನೀವ್ ಓದಿದ್ ಪುಟ ನಂದು. ಹೆಸರು ಬೇಡ ಅಂದ್ರಲ್ಲ, ಆ ಕಚೇರಿ ನಿಮ್ದು."

ಮೋಹನ್ ಕುಮಾರ್ ಲೋಟ ತಿರುಗಿಸಿ ನೋಡಿದರು. ಆಗ ಬಾಗಿಲ ಕಡೆಯಿಂದ ಅವರದೇ ದನಿ ಕೇಳಿಬಂತು:

"ತಪ್ಪು ತಿಳ್ಕೋಬೇಡಿ ಸಾರ್. ಇನ್ ದಿ ಸೆನ್ಸ್, ಮಿಕ್ಸ್ ಆಗೋಯ್ತು."

ಸಭಾಂಗಣ ಹೋ ಎಂದಿತು. ಗಿರಿರಾಜನ ಕೈಯ ಟ್ರೇ ಕೂಡ ಗಲಗಲಿಸಿತು.

ಉಗುಳೋಣವೆಂದರೆ, ಮೈಲಿಗೆ ಗೊತ್ತಿಲ್ಲವೆಂದು ಈಗಷ್ಟೇ ಮೈಕಿನಲ್ಲಿ ಹೇಳಿಯಾಗಿತ್ತು. ಬೈಯೋಣವೆಂದರೆ, ಪುಸ್ತಿಕೆ ಎಲ್ಲರ ಕೈಯಲ್ಲಿತ್ತು. ಮೋಹನ್ ಕುಮಾರರಿಗೆ ಉಳಿದದ್ದು ಒಂದೇ. ಕರ್ಚೀಫಿನಿಂದ ತುಟಿ ತಿಕ್ಕುತ್ತ, ತಿಕ್ಕುತ್ತ, ಚರ್ಮ ಕೆಂಪಾಗುವವರೆಗೂ ತಿಕ್ಕುತ್ತ, ಅವರು ಇಡೀ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕರು.