ಮಾವನ ಹೆಜ್ಜೆಗೆ ಬೆಳೆದ ಮರಳು

ಮಾವನಿಗೆ ಅಳತೆ ಟೇಪು ಕಂಡರೆ ಅಷ್ಟಕ್ಕಷ್ಟೆ. ಕಾಲಿನ ಮೇಲೆ ನಂಬಿಕೆಯಿಲ್ಲದವರು ಕೈಯಲ್ಲಿ ಹಿಡಿಯುವ ವಸ್ತು ಅದು ಎನ್ನುತ್ತಿದ್ದರು. ದೋಣಿ ಕಟ್ಟುವ ಬಡಗಿ; ತೀರದ ಮರಳಿನ ಮೇಲೆಯೇ ಅವರ ಶೆಡ್ಡು. ಇಪ್ಪತ್ತು ವರ್ಷಗಳಿಂದ ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರದ ತಡೆಗೋಡೆಯಿಂದ ಉಬ್ಬರದ ನೀರು ಏರಿ ನಿಂತ ಗೆರೆಯವರೆಗೆ ಹೆಜ್ಜೆ ಎಣಿಸಿ ಹಳೆಯ ಡೈರಿಯಲ್ಲಿ ಬರೆದಿಡುವುದು ಅವರ ಹುಚ್ಚು.

ಅಕ್ಕನ ಮಗಳಿಗೆ ಆ ಹುಚ್ಚೇ ನಿಧಿಯಾಯಿತು. ಹಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ಹತ್ತು ವರ್ಷದ ನಂತರ ಮರಳು ಎಲ್ಲಿರುತ್ತದೆ ಎಂದು ಹೇಳುವುದು ಕರಾವಳಿ ಕಚೇರಿಯಲ್ಲಿ ಅವಳ ಕೆಲಸ. ಹೆಜ್ಜೆಗೆ ಎರಡೂವರೆ ಅಡಿಯಂತೆ ಲೆಕ್ಕ ಹಾಕಿದಳು. ಅಕ್ಕಪಕ್ಕದ ತೀರಗಳೆಲ್ಲ ಸವೆಯುತ್ತಿದ್ದರೆ, ಮಾವನದು ಮಾತ್ರ ಇನ್ನೂರು ಅಡಿಯಿಂದ ಇನ್ನೂರ ನಲವತ್ತಕ್ಕೆ ಬೆಳೆದಿತ್ತು!

"ನಾನು ಹೇಳ್ಲಿಲ್ವಾ?" ಎಂದು ಮಾವ ಬೀಗಿದರು. "ದೋಣಿ ತಳ್ಳೋ ದೂರ ವರ್ಷ ವರ್ಷ ಜಾಸ್ತಿ ಆಗ್ತಿದೆ. ಶೆಡ್ಡನ್ನ ನೀರಿನ ಕಡೆ ಮೂವತ್ತಡಿ ಸರಿಸೋಕೆ ಅರ್ಜಿ ಹಾಕಿದೀನಿ. ನೀನು ಒಂದು ಸಹಿ ಹಾಕಿಬಿಡು."

ಸಹಿ ಹಾಕುವ ಮುನ್ನ ಅವಳು ಟೇಪು ಹಿಡಿದು ತೀರಕ್ಕೆ ಬಂದಳು. ಮಾವ ಎಂದಿನಂತೆ ಎದೆಯುಬ್ಬಿಸಿ ಹೆಜ್ಜೆ ಹಾಕಿದರು. ತೊಂಬತ್ತಾರು, ಅವಳ ಲೆಕ್ಕಕ್ಕೆ ಇನ್ನೂರ ನಲವತ್ತು ಅಡಿ. ಟೇಪು ತೋರಿಸಿದ್ದು ನೂರ ಅರವತ್ತೆಂಟು ಅಡಿ. ಅವಳು ಮೂರು ಸಲ ಅಳೆದಳು. ಟೇಪಿಗೇನು, ದಾಕ್ಷಿಣ್ಯವೇ?

ಅವಳಿಗೆ ನಗು ಬಂತು. ಇಷ್ಟು ದಿನ ಅವಳ ಕಂಪ್ಯೂಟರ್ ಮಾದರಿ ಭವಿಷ್ಯ ನುಡಿದದ್ದು ಮರಳಿನದ್ದಲ್ಲ, ಮಾವನ ಸವೆಯುತ್ತಿದ್ದ ಮೊಣಕಾಲಿನದ್ದು. ಇಷ್ಟು ಓದಿದವಳಿಗೆ ಅದು ಹೊಳೆಯಬೇಡವೇ? ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಮಾವನ ಮಾನ ಉಳಿಯುತ್ತಿತ್ತು, ಶೆಡ್ಡು ಒಂದೇ ಬಿರುಗಾಳಿಗೆ ನೀರುಪಾಲಾಗುತ್ತಿತ್ತು.

"ಮಾವ, ಮರಳು ಬೆಳೆದಿಲ್ಲ. ಮೂವತ್ತೆರಡು ಅಡಿ ಹೋಗಿದೆ."

"ನನ್ನ ಎಣಿಕೆ ತಪ್ಪು ಅಂತೀಯಾ?"

"ಎಣಿಕೆ ಒಂದೂ ತಪ್ಪಿಲ್ಲ." ಅವಳು ಅವರ ಮುಖ ನೋಡಲಾಗದೆ ಮರಳ ಮೇಲಿನ ಹೆಜ್ಜೆಗಳತ್ತ ಬೆರಳು ತೋರಿಸಿದಳು. ಒಂದರ ಬೆನ್ನಿಗೇ ಒಂದು, ಒತ್ತೊತ್ತಾಗಿ ಮೂಡಿದ್ದವು.

ಮಾವ ಬಗ್ಗಿ ಎರಡು ಹೆಜ್ಜೆಗಳ ನಡುವೆ ಗೇಣು ಹಾಕಿ ನೋಡಿದರು. ಆಮೇಲೆ ಮೂಗು ಸೀಟಿಕೊಂಡು, "ಸಮುದ್ರವೂ ಮೋಸ ಮಾಡ್ತು, ಕಾಲೂ ಮೋಸ ಮಾಡ್ತು. ಇಬ್ಬರೂ ಸೇರಿಕೊಂಡಿದ್ರು ಅನ್ನು," ಎಂದರು. "ಸರಿ. ಶೆಡ್ಡು ಹಿಂದಕ್ಕೆ ಎಷ್ಟು ಹೋಗ್ಬೇಕು?"

"ಇಪ್ಪತ್ತು ಹೆಜ್ಜೆ."

"ಯಾರ ಹೆಜ್ಜೆ?"

"ನನ್ನ ಹೆಜ್ಜೆ, ಮಾವ."

"ಹಾಗಾದ್ರೆ ದೂರಾನೇ," ಎಂದು ಮಾವ ತಡೆಗೋಡೆಯತ್ತ ಕಣ್ಣು ಕಿರಿದು ಮಾಡಿ ನೋಡಿದರು. "ಅಲ್ಲಿಂದ ನೀರಿಗೆ ದೋಣಿ ತಳ್ಳೋಕೆ ನನ್ನಿಂದ ಆಗಲ್ಲ ಕಣೇ."

ದೋಣಿ ವಿಷಯದಲ್ಲಿ 'ಆಗಲ್ಲ' ಎಂಬ ಮಾತನ್ನು ಮಾವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.