ಕಾಲು ಮುಂದಾಗಿ ಹುಟ್ಟಿದವಳು

"ಏಯ್ ನೊಂಡಿ, ಕುಂಡಿ ಎತ್ತೆ. ಕಾಲೆಳ್ಕಂಡು ಯಾವನಿಗ್ ನಾಟ್ಕ ತೋರಿಸ್ತಿದ್ದೀಯಾ?"

ಸಬ್ಬಕ್ಕಿ ಮಿಲ್ಲಿನ ಯಜಮಾನ ವಿಶ್ವನಾಥನ್ ಕುಂಟಿ ಅಂತ ಬೈದದ್ದು ನನಗೆ, ಗುಂಡಮ್ಮನಿಗೆ. ಹನ್ನೊಂದು ವರ್ಷ ಅವನ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಸಬ್ಬಕ್ಕಿ ಮಾಡುವ ಮರಗೆಣಸಿನ ಸಿಪ್ಪೆ ಹೆರೆದವಳು ನಾನು. ಆಷಾಢ ಬೀಳುವ ಆಡಿ ತಿಂಗಳಲ್ಲಿ ಸೊಂಟದಿಂದ ಎಡಗಾಲಿನ ಹೆಬ್ಬೆರಳ ತನಕ ಕಾದ ಕಂಬಿ ಎಳೆದಂಥ ನೋವು ಹಿಡಿಯಿತು.

"ವಾಯು ಕಣೇ ಅದು. ಕೂತೂ ಕೂತೂ ತುಂಬ್ಕಂಡೈತೆ. ನಾಳೆಯಿಂದ ಮೂಟೆ ಒತ್ಕಂಡ್ ಓಡಾಡು, ತಾನಾಗ್ ಇಳೀತದೆ," ಅಂದ.

ಹಸಿ ಗೆಣಸಿನ ಮೂಟೆ ಹೊತ್ತೆ. ಒಂಬತ್ತನೇ ದಿನ ಎಡಪಾದ ಮೇಲೇಳಲೇ ಇಲ್ಲ. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗಲಿಲ್ಲ. ನೊಂಡಿಗೆ ಮಿಲ್ಲಲ್ಲಿ ಜಾಗವಿಲ್ಲ ಅಂತ ಓಡಿಸಿದ.

ಧರ್ಮಪುರಿಯ ಡಾಕ್ಟರಮ್ಮ ಕಾಗದದ ಮೇಲೆ ಬೆನ್ನುಮೂಳೆ ಬರೆದು ತೋರಿಸಿದರು. ವಾಯು ಅಲ್ಲ, ಕಾಲಿನ ಕಾಯಿಲೆಯೂ ಅಲ್ಲ. ಮೂಳೆ ನಡುವಿನ ಮೆತ್ತೆ ಸರಿದು ನರ ಅಮುಕಿದೆ. ಭಾರ ಹೊರದೆ ಮೆಲ್ಲಗೆ ಓಡಾಡಿಕೊಂಡಿದ್ದರೆ ಮುಕ್ಕಾಲು ಜನಕ್ಕೆ ವಾಸಿಯಾಗುತ್ತದಂತೆ. ನಾನು ಪಾದ ಸತ್ತ ಮೇಲೆ ಹೋಗಿದ್ದೆ.

ಹುಟ್ಟುವಾಗ ನನ್ನ ಕಾಲು ಮುಂದೆ ಬಂತಂತೆ. ಅಂಥವರು ಒದ್ದರೆ ಸೊಂಟ ಹಿಡಿದದ್ದು ಬಿಡುತ್ತದೆ ಅಂತ ಊರೆಲ್ಲ ನನ್ನ ಹತ್ತಿರ ಒದೆಸಿಕೊಂಡಿದೆ. ನಾನೂ ನಂಬಿದ್ದೆ. ಅದನ್ನು ಹೇಳಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇನ್ನು ಯಾರಿಗೂ ಒದೆಯಬೇಡ, ನರ ಹೋದರೆ ಕಾಲು ಹೋಗುತ್ತದೆ ಅಂದರು.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ವಿಶ್ವನಾಥನಿಗೂ ಅದೇ ನೋವು ಬಂತು, ಬಲಗಾಲಿಗೆ. ಸುಳ್ಳು ಯಾಕೆ ಹೇಳಲಿ, ಕೇಳಿ ಹೊಟ್ಟೆ ತಂಪಾಯಿತು. ಮಲಗಿದಷ್ಟೂ ಒಳ್ಳೇದು ಅಂದುಕೊಂಡು ಅವನು ತಿಂಗಳು ಹಾಸಿಗೆ ಬಿಡಲಿಲ್ಲ, ನೋವು ಇನ್ನೂ ಬಿಗಿಯಿತು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನನಗೆ ಕಾರು ಕಳಿಸಿದ.

ನಮ್ಮ ಜಾತಿಯವರು ಹತ್ತಬಾರದ ಅವನ ಮನೆ ಮುಂದಿನ ಜಗಲಿ ತಿಣ್ಣೆಯ ಮೇಲೆ ಬೋರಲು ಮಲಗಿದ್ದ. ಗೆಣಸು ಹೆರೆಯುವ ಹೆಂಗಸರೆಲ್ಲ ಕತ್ತಿ ಬಿಟ್ಟು ಅಂಗಳದಲ್ಲಿ ನಿಂತಿದ್ದರು.

"ಡಾಕ್ಟ್ರು ಒದೀಬ್ಯಾಡ ಅಂದವ್ರೆ," ಅಂದೆ. "ಅದು ನರ. ಒದ್ರೆ ಕಾಲ್ ಓಯ್ತದೆ. ನನ್ ಕಾಲ್ ನೋಡು."

"ನಿನ್ ಡಾಕ್ಟ್ರುನ್ ಮನೆ ಆಳಾಗ. ಗೆಣಸ್ ಎರಿಯೋ ಮುಂಡೆ ನನಗ್ ಪಾಠ ಏಳ್ತಾಳೆ. ಒದಿಯೇ, ಮೂರ್ ಸಲ. ಆಮೇಲ್ ತಿಣ್ಣೆ ತೊಳ್ದು ಓಗು."

ಹೇಳಬೇಕಾದ್ದು ಹೇಳಿಯಾಗಿತ್ತು. ಜೊತೆಗೆ ಗೆಣಸು ಹೆರೆಯುತ್ತಿದ್ದ ಶಶಿಕಲಾ ಬಂದು ನನ್ನ ಹೆಗಲು ಹಿಡಿದಳು. ಎಡಗಾಲೂರಿ ಬಲಗಾಲೆತ್ತಿದೆ. ಮೊದಲ ಎರಡನ್ನು ಪದ್ಧತಿಯಂತೆ ಮೆಲ್ಲಗೆ ಮುಟ್ಟಿಸಿದೆ. ಮೂರನೆಯದನ್ನು, ಡಾಕ್ಟರಮ್ಮ ಕಾಗದದಲ್ಲಿ ಗೀಟು ಹಾಕಿದ್ದ ಜಾಗ ನೋಡಿ ಒದ್ದೆ.

ಅವನು ತಿಣ್ಣೆಯ ಅಂಚು ಹಿಡಿದುಕೊಂಡ. ಹೆಂಡತಿ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಬಲಪಾದ ಜೋತುಬಿದ್ದು ನೆಲ ಕೆರೆಯಿತು. ಅವನು ಅದನ್ನೇ ನೋಡುತ್ತಿದ್ದ.

"ಕುಂಡಿ ಎತ್ತಲಾ ನೊಂಡಿ," ಅಂದೆ. "ಯಾವನಿಗ್ ನಾಟ್ಕ ತೋರಿಸ್ತಿದ್ದೀಯಾ?"

ತಿಣ್ಣೆ ತೊಳೆಯಲಿಲ್ಲ. ಕಾಲೆಳೆದುಕೊಂಡೇ ಇಳಿದು ಬಂದೆ. ಅವತ್ತು ಅಂಗಳದಲ್ಲಿ ಯಾರೂ ಕತ್ತಿ ಮುಟ್ಟಲಿಲ್ಲ.