ಮುನ್ನೂರ ಹನ್ನೆರಡನೇ ಪುಟ

ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ತಂಗಿ ಒಂದೂ ತಪ್ಪಿಲ್ಲದೆ ಓದಿಬಿಟ್ಟಳು. ಎಡಗಣ್ಣು ಮುಚ್ಚಿಕೊಂಡು ಓದಿದಳು, ಬಲಗಣ್ಣು ಮುಚ್ಚಿಕೊಂಡು ಓದಿದಳು. ಕನ್ನಡಕದಂಗಡಿಯ ಅಣ್ಣ ಗೋಡೆಯ ಹಲಗೆಯ ದೀಪ ಆರಿಸಿ, ಸಣ್ಣಕ್ಷರದ ಕಾರ್ಡನ್ನು ಅವಳ ಕೈಗೆ ಕೊಟ್ಟ. ಅದನ್ನೂ ಅವಳು ನೀರು ಕುಡಿದ ಹಾಗೆ ಓದಿ ಮುಗಿಸಿದಳು. ನಲವತ್ತು ದಾಟಿದ ಮೇಲೆ ಇಂಥ ಕಣ್ಣು ಉಳಿಸಿಕೊಂಡವರನ್ನು ಅವನು ತನ್ನ ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಕಂಡದ್ದು ಅಪರೂಪ.

ಕಣ್ಣು ನೆಪ, ನನ್ನನ್ನು ನೋಡೋದಕ್ಕೇ ಬಂದಿದ್ದಾಳೆ ಅಂದುಕೊಂಡು ಅವನಿಗೆ ಒಳಗೊಳಗೇ ಖುಷಿಯಾಯಿತು. ಬರಲಿ, ಪಾಪ. ಪ್ರಾಟೆಸ್ಟಂಟ್ ಮನೆಯಲ್ಲಿ ಹುಟ್ಟಿದ ಅವಳು ಕ್ಯಾಥೊಲಿಕ್ ಮನೆಯ ಬಡಗಿಯನ್ನು ಮದುವೆಯಾಗಿ ಒಂಬತ್ತು ವರ್ಷವಾಯಿತು. ಅವಳ ಮನೆ ಅಂಗಡಿಯಿಂದ ನಾಲ್ಕೇ ಬೀದಿ ಆಚೆ, ಆದರೂ ಅವನು ಒಂದು ದಿನ ಅದರ ಹೊಸ್ತಿಲು ತುಳಿದವನಲ್ಲ. ಅವಳೇ ವರ್ಷಕ್ಕೆ ಎರಡು ಸಲ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಗಿರಾಕಿಯ ಹಾಗೇ ಕೂತು, ಅತ್ತಿಗೆ ಹೇಗಿದ್ದಾರೆ ಎಂದು ಕೇಳಿ ಹೋಗುತ್ತಿದ್ದಳು.

"ಯಾವ ಅಕ್ಷರ ಕಾಣಿಸ್ತಿಲ್ಲಮ್ಮ ನಿನಗೆ?" ಎಂದು ನಗುತ್ತ ಕೇಳಿದ.

ತಂಗಿ ಮಡಿಲ ಮೇಲಿದ್ದ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕವನ್ನು ತೆಗೆದಳು. ಕಂದು ಚರ್ಮದ ಬೆನ್ನು, ಅಂಚಿನಲ್ಲಿ ಮಾಸಿದ ಚಿನ್ನದ ಗೆರೆ. ಅವನಿಗೆ ಅದನ್ನು ಬಿಡಿಸಿ ನೋಡಬೇಕಾಗಿರಲಿಲ್ಲ. ಅವಳು ಓದಿ ಮುಗಿಸಿದ್ದ ಕಾರ್ಡನ್ನು ತೆಗೆದುಕೊಂಡು ಡ್ರಾಯರಿನಲ್ಲಿ ತಲೆಕೆಳಗಾಗಿ ಇಟ್ಟ.

ಅದು ಕ್ಯಾಥೊಲಿಕ್ ಪಾದ್ರಿಯೊಬ್ಬ ಬಹಳ ಹಿಂದೆ ತನ್ನದೇ ಸಭೆಯ ಬಗ್ಗೆ ಬರೆದಿದ್ದ ಚರಿತ್ರೆ. ಅಣ್ಣ ಹೋದ ವರ್ಷ ಬರೆದು ಅಚ್ಚು ಹಾಕಿಸಿದ್ದ ‘ಚಿಕ್ಕ ಕೊಂಬಿನ ದೊಡ್ಡ ಮಾತು’ ಎಂಬ ಅರವತ್ತನಾಲ್ಕು ಪುಟದ ಕಿರುಹೊತ್ತಿಗೆಗೆ ಅದೇ ಮುಖ್ಯ ಸಾಕ್ಷಿ. ಬೈಬಲಿನ ಪ್ರವಾದಿ ದಾನಿಯೇಲ ಕನಸಿನಲ್ಲಿ ಕಂಡ ನಾಲ್ಕು ಮೃಗಗಳಲ್ಲಿ ಕೊನೆಯದರ ಹತ್ತು ಕೊಂಬುಗಳ ನಡುವೆ ಮೊಳೆತು ದೊಡ್ಡ ಮಾತಾಡುವ ಚಿಕ್ಕ ಕೊಂಬು ಅಂದರೆ ಪೋಪರ ಪೀಠವೇ ಎಂದು ಆ ಕಿರುಹೊತ್ತಿಗೆಯಲ್ಲಿ ಅಣ್ಣ ಸಾಧಿಸಿದ್ದ. ಪ್ರವಾದನೆಯ ಸಾವಿರದ ಇನ್ನೂರ ಅರವತ್ತು ದಿನಗಳನ್ನು ವರ್ಷಗಳೆಂದು ಎಣಿಸಿ, ಯಾವ ವರ್ಷ ಆ ಆಳ್ವಿಕೆ ಶುರುವಾಯಿತು, ಯಾವ ವರ್ಷ ಮುಗಿಯಿತು ಎಂದು ಕೋಷ್ಟಕ ಹಾಕಿದ್ದ. ಪಾಪಕ್ಕೆ ಕ್ಷಮೆಯ ಚೀಟಿ ಮಾರಿದ್ದು, ಜನರ ಕೈಯಿಂದ ವೇದಪುಸ್ತಕ ಕಿತ್ತುಕೊಂಡದ್ದು, ಒಪ್ಪದವರನ್ನು ಸುಟ್ಟದ್ದು, ಎಲ್ಲಕ್ಕೂ ಪುಸ್ತಕದ ಹೆಸರು, ಪುಟದ ಸಂಖ್ಯೆ ಕೊಟ್ಟಿದ್ದ. ಅಣ್ಣನ ಸಭೆಯ ಪದ್ಧತಿಯೇ ಅಂಥದ್ದು. ಅಪ್ಪ ಬದುಕಿದ್ದಾಗ ಊಟಕ್ಕೆ ಕೂತ ಮಕ್ಕಳು ಏನು ಹೇಳಿದರೂ "ಎಲ್ಲಿದೆ?" ಎಂದು ಕೇಳುತ್ತಿದ್ದರು. ಅಧ್ಯಾಯ, ವಚನ ಹೇಳದಿದ್ದರೆ ಆ ಮಾತು ಅಪ್ಪನ ಲೆಕ್ಕದಲ್ಲಿ ಆಡಿದ ಹಾಗೇ ಅಲ್ಲ. ಅಣ್ಣ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಸಭೆಯ ಪಡ್ಡೆಗಳು ಅವನನ್ನು ಬೆನ್ನ ಹಿಂದೆ ‘ಪುಟದಣ್ಣ’ ಎನ್ನುತ್ತಿದ್ದರು.

ನಲವತ್ತೊಂದು ಉಲ್ಲೇಖ. ನಲವತ್ತು ಅವನು ಕಣ್ಣಾರೆ ನೋಡಿದ್ದವು. ಒಂದು ಮಾತ್ರ ಹೊರಗಿನಿಂದ ಬಂದಿದ್ದ ಬೋಧಕರೊಬ್ಬರ ಬಾಯಿಂದ ಕೇಳಿದ್ದು. ದೇವರು ಗೊತ್ತು ಮಾಡಿದ ದಿನಗಳನ್ನೂ ತಿದ್ದುವ ಅಧಿಕಾರ ನಮ್ಮ ಪೀಠಕ್ಕಿದೆ ಎಂದು ಪೋಪರೊಬ್ಬರು ತುಂಬಿದ ಆಸ್ಥಾನದಲ್ಲಿ ಹೇಳಿದರಂತೆ. ಕಾಲವನ್ನೂ ಕಟ್ಟಳೆಯನ್ನೂ ಬದಲಾಯಿಸಲು ಹೊರಡುವವನು ಎಂಬ ದಾನಿಯೇಲನ ಮಾತಿಗೆ ಅದು ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತಿತ್ತು. ಬಿಡಲು ಮನಸ್ಸು ಬರಲಿಲ್ಲ. ಪುಟವಿಲ್ಲದೆ ಹಾಕಿದರೆ ಉಳಿದ ನಲವತ್ತರ ನಡುವೆ ಅದೊಂದೇ ಬೋಳಾಗಿ ಕಾಣುತ್ತಿತ್ತು. ಹಳೆಯ ಪುಸ್ತಕದಂಗಡಿಯಲ್ಲಿ ಆ ಚರಿತ್ರೆಯನ್ನು ಅವನು ತಿರುವಿ ಹಾಕಿದ್ದುಂಟು. ಇದ್ದರೆ ಅಲ್ಲೇ ಎಲ್ಲೋ ಇರಬೇಕು ಅನ್ನಿಸಿತು. ಅಚ್ಚಿನವನು ಬಾಗಿಲಲ್ಲಿ ಕಾಯುತ್ತಿದ್ದ. ಮುನ್ನೂರ ಹನ್ನೆರಡು ಎಂದು ಬರೆದು ಕೊಟ್ಟುಬಿಟ್ಟ. ವಿಚಿತ್ರವೆಂದರೆ ಓದಿದವರೆಲ್ಲ ಬಾಯಿಪಾಠ ಮಾಡಿಕೊಂಡದ್ದು ಅದೊಂದನ್ನೇ.

ತಂಗಿ ಮಾತು ಶುರು ಮಾಡಿದಳು. ಹದಿನೈದು ದಿನದ ಹಿಂದೆ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಜನ ಹೊರಗೆ ಬರುವಾಗ ಯಾರೋ ಬಾಗಿಲಲ್ಲಿ ನಿಂತು ಅಣ್ಣನ ಕಿರುಹೊತ್ತಿಗೆ ಹಂಚಿದರಂತೆ. ಮನೆಮನೆಯಲ್ಲೂ ಅದೇ ಮಾತಾಯಿತಂತೆ. ಹೆಂಗಸರ ಕೂಟದಲ್ಲಿ ಅವಳ ಅತ್ತೆಯೇ ಎದ್ದು ಆ ಮುನ್ನೂರ ಹನ್ನೆರಡನೇ ಪುಟದ ಮಾತು ಹಸಿ ಸುಳ್ಳು ಅಂದರಂತೆ. ಆಗ ಇವಳು ಎಲ್ಲರ ಎದುರಿಗೆ, ನಮ್ಮಣ್ಣ ಏನು ಬೇಕಾದರೂ ಬೈದಾನು, ಆದರೆ ನೋಡದೆ ಪುಟ ಬರೆಯೋನಲ್ಲ ಅಂದುಬಿಟ್ಟಳಂತೆ. ಅವತ್ತಿನಿಂದ ಅತ್ತೆ ಮಾತು ಬಿಟ್ಟಿದ್ದಾರೆ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ, ಎದ್ದು ಹೋಗುತ್ತಾರೆ. ಫಾದರ್ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ತಮ್ಮ ಕಪಾಟಿನಿಂದ ಇದೇ ಪುಸ್ತಕ ತೆಗೆದುಕೊಟ್ಟು, ಹುಡುಕಮ್ಮ, ಇದ್ದರೆ ಭಾನುವಾರ ನಾನೇ ಚರ್ಚಿನ ಪೀಠದಿಂದ ಓದ್ತೀನಿ ಅಂದರಂತೆ.

"ಒಂಬತ್ತು ದಿನ ಹುಡುಕಿದೆ," ಅಂದಳು. "ಆ ಪುಟ ಎಷ್ಟು ಸಲ ಓದಿದೀನೋ. ಹಿಂದಿನದು, ಮುಂದಿನದು, ಪೂರ್ತಿ ಅಧ್ಯಾಯ. ಕಾಣಿಸಲ್ಲ. ನೀನು ಬರೆದಿದ್ದೀಯ ಅಂದ್ಮೇಲೆ ಇದ್ದೇ ಇರುತ್ತೆ. ನನ್ನ ಕಣ್ಣೇ ಎಲ್ಲೋ ಸಾಲು ಹಾರಿಸ್ತಿದೆ, ನೋಡಣ್ಣ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸುಲಭ. ಇಲ್ಲಿ ಯಾರೂ ಕಳ್ಳ ಅನ್ನುತ್ತಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನ ಹತ್ತಿರ ಅದಕ್ಕೆ ನಲವತ್ತು ಪುಟ ಸಿದ್ಧವಿದ್ದವು. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಆದರೆ ಕೈ ಅಷ್ಟರಲ್ಲಿ ಮರದ ಪೆಟ್ಟಿಗೆಯತ್ತ ಹೋಗಿ, ಸಾಲಾಗಿ ಜೋಡಿಸಿದ್ದ ಪರೀಕ್ಷೆಯ ಗಾಜುಗಳಲ್ಲಿ ಕಟ್ಟಕಡೆಯ ಎರಡನ್ನು ಹೆಕ್ಕಿತು. ಅವು ಪವರೇ ಇಲ್ಲದ ಬರೀ ಗಾಜು. ಕಣ್ಣು ಸರಿಯಿದ್ದೂ ಇಲ್ಲ ಎಂದು ಹಟ ಹಿಡಿಯುವ ಗಿರಾಕಿಗಳನ್ನು ಹಿಡಿಯಲು ಕನ್ನಡಕದವರೆಲ್ಲ ಇಟ್ಟುಕೊಳ್ಳುವಂಥವು.

"ಸ್ವಲ್ಪ ಇದೆ," ಎಂದ. "ವಯಸ್ಸಿಗೆ ಬರೋದೇ." ದುಂಡನೆಯ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿ ಗಾಜುಗಳನ್ನು ಇಳಿಸಿದ. "ಈಗ?"

ತಂಗಿ ಪುಸ್ತಕ ಬಿಡಿಸಿ ನೋಡಿದಳು. ಮುಖ ಅರಳಿತು. "ಅಯ್ಯೋ ಅಣ್ಣ, ಎಷ್ಟು ಚೆನ್ನಾಗಿ ಕಾಣುತ್ತೆ. ಇಷ್ಟು ದಿನ ಮಂಜಲ್ಲಿ ಓದ್ತಿದ್ದೆ ಅನ್ಸುತ್ತೆ."

ನೆಲ ಬಾಯಿ ಬಿಟ್ಟಿದ್ದರೆ ಅವನು ಸ್ಟೂಲಿನ ಸಮೇತ ಇಳಿದುಹೋಗುತ್ತಿದ್ದ. ಅವಳು ಆಗಲೇ ಮುನ್ನೂರ ಹನ್ನೆರಡನೇ ಪುಟವನ್ನು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ್ದಳು. ಆ ಪುಟದಲ್ಲಿ ಯಾವುದೋ ಮಠದ ಮಾಡು ಸೋರುತ್ತಿತ್ತು. ಸೀಸದ ತಗಡು ಎಲ್ಲಿಂದ ತರಿಸಿದರು, ಬಡಗಿಗಳಿಗೂ ಮಠಾಧಿಪತಿಗೂ ಏನು ಜಗಳವಾಯಿತು, ಚಳಿಗಾಲಕ್ಕೆ ಎಷ್ಟು ಮೂಟೆ ಧಾನ್ಯ ಒದ್ದೆಯಾಯಿತು. ಒಂದೊಂದು ವಾಕ್ಯ ಮುಗಿದಾಗಲೂ ಅವಳ ದನಿಯಲ್ಲಿ ಮುಂದಿನ ಸಾಲಲ್ಲಿರುತ್ತೆ ಎನ್ನುವ ಆಸೆ ಇತ್ತು. ಅವನು ಆ ಮಾಡಿನಿಂದ ಬೀಳುವ ಹನಿಗಳನ್ನು ಎಣಿಸುವವನ ಹಾಗೆ ಕೂತಿದ್ದ.

ಅಣ್ಣನ ಸಭೆಯ ಹಿರಿಯರೊಬ್ಬರು ಬಂದದ್ದು ಆಗಲೇ. ನಿವೃತ್ತ ಪೋಸ್ಟ್‌ಮಾಸ್ಟರು, ಸಡಿಲವಾದ ಕನ್ನಡಕದ ಕಡ್ಡಿ ಬಿಗಿ ಮಾಡಿಸಲು ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಏನಮ್ಮ ಅದು ಎಂದು ವಿಚಾರಿಸಿದರು. ತಂಗಿ ಹೇಳಿದಳು. ಹಿರಿಯರು ಉಲ್ಲೇಖವನ್ನು ಕಣ್ಣು ಮುಚ್ಚಿಕೊಂಡು ಪುಟಸಂಖ್ಯೆ ಸಮೇತ ಒಪ್ಪಿಸಿದರು. ಆಮೇಲೆ ಪುಸ್ತಕದ ಮೊದಲ ಹಾಳೆ ತಿರುಗಿಸಿ ನೋಡಿ, ಸಮಾಧಾನದ ನಗೆ ನಕ್ಕರು.

"ಇದು ಎರಡನೇ ಮುದ್ರಣ ಕಣಮ್ಮ. ನಿಮ್ಮಣ್ಣ ನೋಡಿರೋದು ಮೊದಲನೇದು. ಪುಟ ಹೆಚ್ಚುಕಮ್ಮಿ ಆಗಿರುತ್ತೆ. ಅಥವಾ ಇವರ ಚರ್ಚಿನವರೇ ಆ ಸಾಲು ತೆಗೆದುಹಾಕಿರಬಹುದು, ಅದೇನು ಹೊಸದಲ್ಲ ಬಿಡು."

ಎಷ್ಟು ಒಳ್ಳೆಯ ಬಾಗಿಲು ಅದು. ತಳ್ಳುವುದೂ ಬೇಡ, ತಾನೇ ತೆರೆದುಕೊಂಡಿತ್ತು. ಅಣ್ಣ ಒಂದು ಸಲ ಹೂಂ ಅಂದರೆ ಸಾಕು, ತಂಗಿ ತಲೆಯೆತ್ತಿಕೊಂಡು ಮನೆಗೆ ಹೋಗುತ್ತಾಳೆ, ಹಿರಿಯರು ಭಾನುವಾರ ಸಭೆಯಲ್ಲಿ ಇದನ್ನೇ ಒಂದು ಸಾಕ್ಷಿಯಾಗಿ ಹೇಳುತ್ತಾರೆ. ತಂಗಿ ಆ ದುಂಡು ಫ್ರೇಮಿನೊಳಗಿಂದ ಅವನನ್ನೇ ನೋಡುತ್ತಿದ್ದಳು.

"ಹೌದಾ ಅಣ್ಣ?" ಎಂದು ಕೇಳಿದಳು.

"ಇಲ್ಲ," ಎಂದ. "ಯಾವ ಮುದ್ರಣದಲ್ಲೂ ನಾನು ನೋಡಿಲ್ಲ. ಯಾರೋ ಹೇಳಿದ್ದು ಕೇಳಿದ್ದೆ. ಪುಟ ನಾನೇ ಹಾಕಿದೆ."

ಹಿರಿಯರು ಕೈಯಲ್ಲಿದ್ದ ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟರು. ತಂಗಿ ಪುಸ್ತಕವನ್ನು ನೋಡಿದಳು, ಅವನನ್ನು ನೋಡಿದಳು, ಆಮೇಲೆ ನಿಧಾನವಾಗಿ ಫ್ರೇಮಿಗೆ ಕೈ ಹಾಕಿದಳು.

"ಹಾಗಾದ್ರೆ ಇದು?"

"ಬರೀ ಗಾಜು. ನಿನ್ನ ಕಣ್ಣಿಗೆ ಏನೂ ಆಗಿಲ್ಲ."

ಬೈಯುತ್ತಾಳೆ ಅಂದುಕೊಂಡ. ಅವಳು ಫ್ರೇಮನ್ನು ತೆಗೆದು, ಗಾಜಿಗೆ ಬೆರಳು ತಾಗದ ಹಾಗೆ ಹುಷಾರಾಗಿ ಪೆಟ್ಟಿಗೆಯ ಪಕ್ಕ ಇಟ್ಟಳು. ಪುಸ್ತಕದ ಹಾಳೆ ಹಿಂದಕ್ಕೆ ತಿರುಗಿಸಿದಳು. ಒಂದು ಕಡೆ ದಾರದ ತುಂಡು ಇಟ್ಟು ಗುರುತು ಮಾಡಿದ್ದಳು.

"ಇದು ಓದಿದ್ಯಾ? ಇನ್ನೂರ ತೊಂಬತ್ತೆಂಟು. ಒಂದು ಊರಿಗೆ ಊರನ್ನೇ ಸುಟ್ಟಿದ್ದಾರೆ, ಕೂಸು ಮಕ್ಕಳನ್ನೂ ಬಿಡದೆ. ನಮ್ಮೋರೇ ಸುಟ್ಟಿದ್ದು, ನಮ್ಮ ಪಾದ್ರೀನೇ ಬರೆದಿದ್ದಾರೆ. ಇದನ್ನ ಓದಿದ ದಿನ ನನ್ನ ಗಂಟಲಲ್ಲಿ ಅನ್ನ ಇಳೀಲಿಲ್ಲ. ನಿಜಾನೇ ಇಷ್ಟಿತ್ತಲ್ಲಣ್ಣ. ಸುಳ್ಳು ಯಾಕೆ ಬೇಕಾಯ್ತು? ಇನ್ನು ಆ ಸುಟ್ಟುಹೋದೋರದ್ದೂ ಸುಳ್ಳು ಅಂತಾರೆ ಜನ."

ಆ ಪುಟವನ್ನು ಅವನು ಓದಿರಲಿಲ್ಲ. ಇಷ್ಟು ದೊಡ್ಡ ಪುಸ್ತಕದಿಂದ ತನಗೆ ಬೇಕಾದ ನಾಲ್ಕು ಸಾಲು ಹೆಕ್ಕಿಕೊಂಡು ಮುಚ್ಚಿಟ್ಟಿದ್ದ. ಮೃಗದ ಕೊಂಬು ಎಣಿಸುವುದರಲ್ಲಿ ಬೆಂಕಿಯೊಳಗಿದ್ದವರ ಕಡೆ ಕಣ್ಣು ಹೋಗಿರಲಿಲ್ಲ ಎನ್ನುವುದು ಅವನಿಗೆ ಈಗ ಹೊಳೆಯಿತು.

ಹಿರಿಯರು ಗಂಟಲು ಸರಿಮಾಡಿಕೊಂಡು, ಆದದ್ದಾಯಿತು, ಮನೆಯ ಮಾತು ಮನೆಯಲ್ಲೇ ಇರಲಿ ಎಂದರು. ನಲವತ್ತು ನಿಜವಿರುವಾಗ ಒಂದಕ್ಕೋಸ್ಕರ ಇಡೀ ಸಾಕ್ಷಿಯನ್ನು ಕೆಡಿಸಬಾರದು, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತೆಗೆದರಾಯಿತು ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಕರುಣೆಯೇ ಇತ್ತು. ಅಣ್ಣ ಅವರ ಕನ್ನಡಕದ ತಿರುಪು ಬಿಗಿ ಮಾಡಿ, ಒರೆಸಿ, ಅವರ ಕೈಗೇ ಕೊಟ್ಟ. ಭಾನುವಾರ ಸಭೆಯಲ್ಲೂ ಹೇಳುತ್ತೇನೆ ಅಂದ. ಹಿರಿಯರು ಕನ್ನಡಕ ಹಾಕಿಕೊಳ್ಳದೆ ಜೇಬಿಗಿಟ್ಟುಕೊಂಡು ಹೊರಟುಹೋದರು.

ತಂಗಿ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತುತ್ತಿದ್ದಳು. ನನಗೆ ಸಿಗಲಿಲ್ಲ ಅಂತ ಫಾದರ್‌ಗೆ ಹೇಳ್ತೀನಿ, ಅದು ಸುಳ್ಳಲ್ಲವಲ್ಲ, ನೀನು ಬರಬೇಡ ಎಂದಳು. ಈ ಹೊತ್ತಿನಲ್ಲೂ ಅವಳು ಅಣ್ಣನ ಮಾನ ಕಾಯಲು ಅಡ್ಡ ನಿಲ್ಲುತ್ತಿದ್ದಾಳೆ ಎನ್ನುವುದನ್ನು ಅವನಿಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು, ಮಧ್ಯಾಹ್ನದ ಬಿಸಿಲಿನಲ್ಲೇ ಅಂಗಡಿಯ ಬಾಗಿಲು ಎಳೆದ. ಚರ್ಚಿನ ಕಚೇರಿಗೆ ಬೀಗ ಹಾಕಿತ್ತು. ಫಾದರ್ ಐದು ಗಂಟೆಗೆ ಬರುತ್ತಾರೆಂದು ಅಂಗಳ ಗುಡಿಸುವವಳು ಹೇಳಿದಳು. ಅಲ್ಲಿಯವರೆಗೆ ಬಿಸಿಲಲ್ಲಿ ನಿಲ್ಲುವ ಹಾಗಿರಲಿಲ್ಲ.

"ಮನೆ ಇಲ್ಲೇ," ಎಂದಳು ತಂಗಿ, ಅವನಿಗೆ ಗೊತ್ತೇ ಇಲ್ಲವೇನೋ ಎನ್ನುವ ಹಾಗೆ.

ಒಂಬತ್ತು ವರ್ಷದ ಮೇಲೆ ಅವನು ಆ ಹೊಸ್ತಿಲು ದಾಟಿದ್ದು ಹೀಗೆ. ಒಳಗೆ ಮರದ ಹೊಟ್ಟಿನ ವಾಸನೆ ಇತ್ತು. ತಂಗಿಯ ಗಂಡ ಕೆಲಸಕ್ಕೆ ಹೋಗಿದ್ದ. ಅತ್ತೆ ಕಿಟಕಿಯ ಹತ್ತಿರ ಕೂತು ಹರಿದ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಅವನನ್ನು ಯಾರೆಂದು ಗುರುತಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಸೊಸೆಯ ಕಡೆ ನೋಡಲಿಲ್ಲ.

"ಸಿಕ್ತೇನಪ್ಪ ಆ ಪುಟ?" ಎಂದು ಅವನನ್ನೇ ಕೇಳಿದರು.

ತಂಗಿ ಏನೋ ಹೇಳಲು ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದು ತಡೆದ.

"ಇಲ್ಲಮ್ಮ. ಅದು ಅದರಲ್ಲಿಲ್ಲ. ನಾನು ಸುಳ್ಳು ಬರೆದೆ."

ಮುದುಕಿ ಗೆದ್ದಿದ್ದರು. ಹದಿನೈದು ದಿನದಿಂದ ಅವರು ಹೇಳುತ್ತಿದ್ದದ್ದೂ ಇದನ್ನೇ. ಅವನು ತಲೆ ತಗ್ಗಿಸಿ, ಬೀಳಲಿರುವ ಮಾತಿಗಾಗಿ ಕಾದು ನಿಂತ. ಪೀಠದ ಬಗ್ಗೆ, ಪೋಪರ ಬಗ್ಗೆ, ತನ್ನ ಸಭೆಯ ಬಗ್ಗೆ, ಏನು ಬಂದರೂ ಸರಿ, ನಿಂತು ಕೇಳಬೇಕು ಎಂದು ಗಟ್ಟಿ ಮಾಡಿಕೊಂಡ. ಆದರೆ ಅವರು ಅವನನ್ನು ದಾಟಿ ಸೊಸೆಯ ಕಡೆ ತಿರುಗಿದರು.

"ಊಟ ಮಾಡಿದ್ಯೇನಮ್ಮ?" ಎಂದು ಕೇಳಿದರು.

ಅಷ್ಟು ಹೊತ್ತು ತಡೆದುಕೊಂಡಿದ್ದ ತಂಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ದಿಂಬಿನ ಚೀಲವನ್ನು ಪಕ್ಕಕ್ಕಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಅವಳ ಹೆಗಲು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಒಳಗಿನಿಂದ ತಟ್ಟೆ ಇಟ್ಟ ಸದ್ದು ಕೇಳಿಸಿತು. ಅವನಿಗೆ ಕೂರು ಎಂದು ಯಾರೂ ಹೇಳಿರಲಿಲ್ಲ. ಪುಸ್ತಕವನ್ನು ಎದೆಗೊತ್ತಿ ಹಿಡಿದುಕೊಂಡು ಅವನು ಬಾಗಿಲ ಹತ್ತಿರವೇ ನಿಂತಿದ್ದ.